ವಾಸನೆಯಿಲ್ಲದ ಮನೆ

ಭಾನುವಾರ, ಬೆಳಿಗ್ಗೆ

ನನ್ನ ಚಿನಕುರುಳಿಗೆ ಅಪ್ಪನ ಆಶೀರ್ವಾದ.

ನಿನ್ನ ಕಾಗದ ಬಂದು ನಾಲ್ಕು ತಿಂಗಳಾಯಿತು. ಉತ್ತರ ತಡವಾದುದಕ್ಕೆ ಕೈನೋವು, ಕನ್ನಡಕದ ನಂಬರು, ಅಂಚೆಯವರ ಸೋಮಾರಿತನ ಎಂದು ಮೂರು ಕಾರಣ ಜೋಡಿಸಿಟ್ಟುಕೊಂಡಿದ್ದೆ. ಮೂರೂ ಸುಳ್ಳು. ಕೈ ಗುಂಡುಕಲ್ಲಿನ ಹಾಗಿದೆ, ಕನ್ನಡಕ ಹೊಸದು, ಅಂಚೆಯವರು ಪಾಪ ದಿನಾ ಹನ್ನೊಂದಕ್ಕೆಲ್ಲ ಬಾಗಿಲಲ್ಲಿ ಹಾಜರು. ನೀನು ವಾರವಾರ ಫೋನ್ ಮಾಡಿದಾಗಲೆಲ್ಲ "ಬರೀತಿದ್ದೀನಮ್ಮ, ಬರೀತಿದ್ದೀನಿ" ಎನ್ನುತ್ತಿದ್ದೆನಲ್ಲ, ಅದೊಂದು ಮಾತ್ರ ನಿಜ. ಹನ್ನೊಂದು ಸಲ ಬರೆದು ಹನ್ನೊಂದು ಸಲ ಹರಿದಿದ್ದೇನೆ.

ಇಲ್ಲಿಯ ಸಮಾಚಾರ ಹೇಳಿಬಿಡುತ್ತೇನೆ. ಬಚ್ಚಲಿನ ನಲ್ಲಿ ಕೊನೆಗೂ ರಿಪೇರಿಯಾಯಿತು. ಅನ್ನ ಮಾಡುವುದನ್ನು ಕಲಿತಿದ್ದೇನೆ, ವಾರಕ್ಕೆರಡು ಸಲ ತಳ ಹಿಡಿಸುತ್ತೇನೆ, ಕೆರೆದು ತಿನ್ನುತ್ತೇನೆ. ಕೆಳಗಿನ ಮನೆಯ ಹೊಲಿಗೆ ಅಕ್ಕ ನಿನ್ನನ್ನೂ ಕೂಸನ್ನೂ ಕೇಳುತ್ತಿರುತ್ತಾರೆ. ನಮ್ಮ ಚಹಾ ಕಂಪನಿಯಲ್ಲಿ ರುಚಿ ನೋಡುವ ಕೋಣೆಯನ್ನು ದೊಡ್ಡದು ಮಾಡಿದ್ದಾರಂತೆ. ಉತ್ತರದ ಕಿಟಕಿ ಮಾತ್ರ ಹಾಗೇ ಉಳಿಸಿದ್ದಾರಂತೆ. ಆ ಕಿಟಕಿಯ ಬೆಳಕಿಲ್ಲದೆ ಬಟ್ಟಲಿನ ಬಣ್ಣ ಗೊತ್ತಾಗುವುದಿಲ್ಲ ಎನ್ನುವಷ್ಟು ಬುದ್ಧಿ ಈಗಿನವರಿಗೂ ಇದೆ ಎಂದು ಸಮಾಧಾನವಾಯಿತು.

ಸಾಕು. ಸುತ್ತಿ ಬಳಸಿ ಮಾತಾಡುವುದು ನಿನಗೆ ಆಗುವುದಿಲ್ಲ, ವಿಷಯಕ್ಕೆ ಬರುತ್ತೇನೆ.

ನೀನು ಕೇಳಿದ್ದು ದೊಡ್ಡದೇನೂ ಅಲ್ಲ. "ಅಪ್ಪ, ಇವರಿಗೆ ನಿಮ್ಮ ಮಾತೆಂದರೆ ಗೌರವ. ಅಮ್ಮ ಮನೆಯನ್ನು ಹೇಗೆ ಇಟ್ಟುಕೊಂಡಿದ್ದರು ಎಂದು ನಾಲ್ಕು ಸಾಲು ಇವರಿಗೆ ಬರೆಯಿರಿ. ಚಹಾ ರುಚಿ ನೋಡುವವರ ಮನೆ ಹೇಗಿರಬೇಕು ಎಂದು ಅರ್ಥವಾಗಲಿ" ಎಂದಿದ್ದೆ. ನೀನು ನಿಮ್ಮ ಕಂಪನಿಯಲ್ಲಿ ರುಚಿ ನೋಡುವವರ ಮೊದಲ ಕುರ್ಚಿಗೆ ಬಂದ ಮೇಲೆ ಮನೆಯಲ್ಲಿ ಏನೇನು ನಿಲ್ಲಿಸಿದ್ದೀ ಎಂದೂ ಬರೆದಿದ್ದೆ. ಒಗ್ಗರಣೆ ನಿಂತಿತು. ಸೋಪು ಬದಲಾಯಿತು. ಅಳಿಯಂದಿರು ಮರಗೆಲಸದವರು, ಮೈಗೆ ಪಾಲಿಶಿನ ವಾಸನೆ ಅಂಟಿರುತ್ತದೆ ಎಂದು ಅವರಿಗೆ ಹಿತ್ತಲಲ್ಲಿ ಸ್ನಾನ, ನಡುಮನೆಯಲ್ಲಿ ಹಾಸಿಗೆ. ಕೂಸಿನ ಪರಿಮಳದ ರಬ್ಬರನ್ನು ಕಸಕ್ಕೆ ಹಾಕಿದೆಯಂತೆ. "ಅವಳು ಈಗ ಎಷ್ಟು ಜಾಣೆ ಆಗಿದ್ದಾಳೆ ಅಂದರೆ, ನನ್ನ ಹತ್ತಿರ ಬರೋ ಮೊದಲು ತನ್ನ ಕೈ ತಾನೇ ಮೂಸಿ ನೋಡಿಕೊಂಡು ಬರುತ್ತಾಳೆ" ಎಂದು ಹೆಮ್ಮೆಯಿಂದ ಬರೆದಿದ್ದೆ. ಆರು ವರ್ಷದ ಮಗು.

ಹೋದ ವಾರ ಫೋನಿನಲ್ಲಿ ನಿನ್ನ ದನಿ ಬೇರೆಯಿತ್ತು. "ಅವರು ಮನೆಗೆ ಬರದೆ ಹನ್ನೆರಡು ದಿನ ಆಯ್ತಪ್ಪ. ಮರದ ಅಂಗಡೀಲೇ ಮಲಗ್ತಾರೆ. 'ನಾನು ವಾಸನೆ ಇರೋ ಮನುಷ್ಯ, ಆ ಮನೇಲಿ ನನಗೆ ಜಾಗ ಇಲ್ಲ' ಅಂತಾರೆ. ನಿಮ್ಮ ಕಾಗದ ಒಂದು ಬಂದ್ರೆ ಎಲ್ಲ ಸರಿಹೋಗುತ್ತೆ" ಎಂದೆ. ನನ್ನ ಕಾಗದದ ಮೇಲೆ ನಿನ್ನ ಸಂಸಾರ ನಿಂತಿದೆ ಎಂದ ಮೇಲೆ ಇನ್ನು ಸುಮ್ಮನಿರುವುದು ಸರಿಯಲ್ಲ. ಆದರೆ ಬರೆಯುತ್ತಿರುವುದು ಅವರಿಗಲ್ಲ, ನಿನಗೆ. ನೀನು ಕೇಳಿದ ಕಾಗದ ಇದಲ್ಲ.

ನಿನ್ನ ಅಮ್ಮ ಮನೆಯನ್ನು ಹೇಗೆ ಇಟ್ಟುಕೊಂಡಿದ್ದಳು ಎಂದರೆ, ಹೀಗೆ. ನಿನ್ನ ತಾತ ಸಾಬೂನು ಮಾಡುವವರು ಎಂದು ನಿನಗೆ ಗೊತ್ತಲ್ಲ. ಮದುವೆಯಾಗಿ ಬಂದಾಗ ಅವಳ ಪೆಟ್ಟಿಗೆಯಲ್ಲಿ ಸೀರೆಗಿಂತ ಸೋಪೇ ಹೆಚ್ಚಿತ್ತು. ಗುಲಾಬಿಯದು, ಗಂಧದ್ದು, ನಿಂಬೆಯದು. ಪೆಟ್ಟಿಗೆ ತೆರೆದರೆ ಬೀದಿಯವರೆಗೂ ಘಮ್ ಎನ್ನುತ್ತಿತ್ತು. ಮೂರನೆಯ ದಿನ ನಾನು "ನೋಡು, ನನ್ನ ಕೆಲಸವೇ ಮೂಗಿನದು, ಇದೆಲ್ಲ ಮನೇಲಿ ಇರಬಾರದು" ಎಂದೆ. ಅವಳು "ಸರಿ" ಎಂದಳು. ಅಷ್ಟೇ. ಅದೇ ಸಂಜೆ ಅಷ್ಟನ್ನೂ ಬೀದಿಯ ಹೆಂಗಸರಿಗೆ ಹಂಚಿಬಂದಳು. ಬರಿಗೈ ಬೀಸಿಕೊಂಡು ಬಂದದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಆಮೇಲೆ ಹೂವು, ಪೌಡರು, ಕಪಾಟಿನ ಕರ್ಪೂರದ ಗುಳಿಗೆ, ಎಲ್ಲಕ್ಕೂ ಒಂದೊಂದು "ಸರಿ". ಬೆಳ್ಳುಳ್ಳಿ ಶನಿವಾರ ಮಾತ್ರ, ಯಾಕೆಂದರೆ ಭಾನುವಾರ ರಜೆ. ಅವಳ ಬಾಯಿಂದ "ಯಾಕೆ" ಎನ್ನುವ ಮಾತು ನಾನು ಕೇಳಿದ್ದೇ ಇಲ್ಲ.

ಯಾಕೆ ಎಂದು ಕೇಳಿದ್ದರೆ ನನ್ನ ಹತ್ತಿರ ಉತ್ತರವೂ ಇರಲಿಲ್ಲ ಎನ್ನು. ನನಗೆ ಕೆಲಸ ಕಲಿಸಿದ ಗುರುಗಳು ರಾತ್ರಿ ಊಟಕ್ಕೆ ಹಸಿ ಈರುಳ್ಳಿ ಕಡಿಯುತ್ತಿದ್ದರು. ಅವರ ಹೆಂಡತಿ ಅತ್ತರು ಹಚ್ಚಿಕೊಳ್ಳದೆ ಹೊಸಿಲು ದಾಟಿದವರಲ್ಲ. ಗುರುಗಳು ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸಿ, ಮುಖ ತೊಳೆದು, ಒಗೆದ ಅಂಗಿ ಹಾಕಿಕೊಂಡು ಬಂದು ಮೇಜಿನ ಮುಂದೆ ನಿಂತರೆ ಮುಗಿಯಿತು, ಅವರಂಥ ಮೂಗು ಇನ್ನೊಂದಿಲ್ಲ. "ಕೋಣೆ ಶುದ್ಧವಾಗಿರಲಿ ಕಣಯ್ಯ, ಮನೆಯಲ್ಲಿ ಮನುಷ್ಯರ ಹಾಗಿರು" ಎನ್ನುತ್ತಿದ್ದರು. ಮನೆಯ ಕಟ್ಟುಪಾಡು ನಾನು ಹುಟ್ಟಿಸಿದ್ದು. ವಯಸ್ಸು ಚಿಕ್ಕದು, ಸಂಬಳಕ್ಕಿಂತ ಜಂಬ ದೊಡ್ಡದು. ಬೀದಿಯವರು "ಅವರ ಮನೇಲಿ ಊದುಬತ್ತೀನೂ ಹಚ್ಚಲ್ಲವಂತೆ, ಅಂಥಾ ಮೂಗಂತೆ" ಎಂದು ಆಡಿಕೊಳ್ಳುವುದು ಕಿವಿಗೆ ಹಿತವಾಗಿತ್ತು. ಕಂಪನಿಯಲ್ಲಿ ಹಿಂದಿನಿಂದ "ಮೂಗಪ್ಪ" ಎನ್ನುತ್ತಿದ್ದರಲ್ಲ, ಅದಕ್ಕೂ ಒಳಗೊಳಗೇ ಹಿಗ್ಗುತ್ತಿದ್ದೆ.

ಇಷ್ಟು ಬರೆಯುವಷ್ಟರಲ್ಲಿ ಮಧ್ಯಾಹ್ನವಾಯಿತು. ಮುಂದಿನದನ್ನು ಬರೆಯಲು ಕೈ ಏಳುತ್ತಿಲ್ಲ. ಆಮೇಲೆ ಬರೆಯುತ್ತೇನೆ.

ಮಂಗಳವಾರ

ಆಮೇಲೆ ಎನ್ನುವುದು ಎರಡು ದಿನವಾಯಿತು, ನೋಡು.

ನೀನು ಕಂಪನಿಗೆ ಸೇರುವ ಒಂದು ವರ್ಷ ಮುಂಚೆ ನನಗೆ ಒಂಬತ್ತು ದಿನ ಜ್ವರ ಬಂದಿತ್ತು, ನೆನಪಿದೆಯಾ? ಹತ್ತನೆಯ ದಿನ ಕೆಲಸಕ್ಕೆ ಹೋದೆ. ಉದ್ದನೆಯ ಮೇಜಿನ ಮೇಲೆ ಮೂವತ್ತಾರು ಬಟ್ಟಲು ಸಾಲಾಗಿ ಕಾದಿದ್ದವು. ಆರು ನಿಮಿಷ ಮುಚ್ಚಿಟ್ಟು ಬಸಿದ ಚಹಾ ಮುಂದೆ, ಬೆಂದ ಎಲೆ ಮುಚ್ಚಳದ ಮೇಲೆ, ಒಣ ಎಲೆ ಹಿಂದೆ ಡಬ್ಬಿಯಲ್ಲಿ. ಮೊದಲನೆಯ ಮುಚ್ಚಳ ಎತ್ತಿ ಮೂಗಿಗೆ ಹಿಡಿದೆ. ಏನೂ ಇಲ್ಲ. ಚಮಚದಿಂದ ಸುರ್ರೆಂದು ಹೀರಿದೆ. ಬಿಸಿ ಇತ್ತು, ಒಗರಿತ್ತು, ಅಷ್ಟೇ. ಎರಡನೆಯದು, ಮೂರನೆಯದು, ಹಾಗೇ. ಬಿಸಿನೀರಿಗೆ ಬಣ್ಣ ಹಾಕಿ ಕೊಟ್ಟ ಹಾಗೆ. ಕಾಲ ಕೆಳಗಿನ ನೆಲ ಕುಸಿಯಿತು ಎನ್ನುತ್ತಾರಲ್ಲ, ಆ ಮಾತು ಸುಮ್ಮನೆ ಹುಟ್ಟಿದ್ದಲ್ಲ ಎಂದು ಅವತ್ತು ಗೊತ್ತಾಯಿತು.

ನಮ್ಮ ಮೇಜಿನ ಪದ್ಧತಿ ನಿನಗೆ ತಿಳಿದದ್ದೇ. ದೊಡ್ಡವರು ಮೊದಲು ರುಚಿ ನೋಡಿ ಮೊದಲು ಹೇಳಬೇಕು, ಅಲ್ಲಿಯವರೆಗೆ ಯಾರೂ ಪಿಟ್ಟೆನ್ನುವ ಹಾಗಿಲ್ಲ. ಎಲ್ಲರೂ ನನ್ನ ಮುಖ ನೋಡುತ್ತ ನಿಂತಿದ್ದರು. ಬಾಯಿಗೆ ಬಂದದ್ದು ಇದು: "ಇವತ್ತಿನಿಂದ ಚಿಕ್ಕವರು ಮೊದಲು ಹೇಳಲಿ. ನಾನು ಮೊದಲು ಬಾಯಿಬಿಟ್ಟರೆ ನೀವೆಲ್ಲ ಗಿಣಿಗಳಾಗ್ತೀರಿ." ಎಂಥ ದೊಡ್ಡ ಮನಸ್ಸು ಎಂದರು. ಯಜಮಾನರು ಕರೆದು ಬೆನ್ನು ತಟ್ಟಿದರು. ನಾಲ್ಕು ಕಂಪನಿಯವರು ಆ ಪದ್ಧತಿಯನ್ನು ನೋಡಿ ಕಲಿತು ಹೋದರು. ಚಿಕ್ಕವರು ಹೇಳಿದ್ದನ್ನು ಕೇಳಿ, ಎಲೆಯ ಬಣ್ಣ ನೋಡಿ, ನಾಲಿಗೆಗೆ ಸಿಕ್ಕ ಒಗರು ಕಹಿ ಸೇರಿಸಿ, ಗಂಟಲು ಸರಿಮಾಡಿಕೊಂಡು ತೀರ್ಪು ಕೊಡುತ್ತಿದ್ದೆ.

ಮಾರನೆಯ ವರ್ಷ ನೀನು ಬಂದೆ. ಇಪ್ಪತ್ತೊಂದು ವರ್ಷದ ಹುಡುಗಿ, ಕೋಣೆಯಲ್ಲಿ ಎಲ್ಲರಿಗಿಂತ ಚಿಕ್ಕವಳು, ಹಾಗಾಗಿ ಎಲ್ಲರಿಗಿಂತ ಮೊದಲು ಹೇಳುವವಳು. "ಇದು ಮುಗ್ಗಲು", "ಇದಕ್ಕೆ ಹೊಗೆ ತಾಗಿದೆ", "ಇದು ಎರಡು ತೋಟದ್ದು ಬೆರೆಸಿದ್ದಾರೆ" ಎಂದು ಪಟಪಟ ಸಿಡಿಯುತ್ತಿದ್ದೆ. ನಿನಗೆ ಚಿನಕುರುಳಿ ಎಂಬ ಹೆಸರು ಬಿದ್ದದ್ದೂ ಆಗಲೇ. ನಿನ್ನ ಮೂಗು ತಪ್ಪಿದ್ದು ನನಗೆ ಗೊತ್ತಿಲ್ಲ. ನಾನು ಹುಬ್ಬು ಗಂಟಿಕ್ಕಿ "ಹ್ಞೂ, ಪರವಾಗಿಲ್ಲ" ಎನ್ನುತ್ತಿದ್ದೆ. ಅಪ್ಪ ಹೊಗಳುವುದೇ ಇಲ್ಲ ಎಂದು ನೀನು ಅಮ್ಮನ ಹತ್ತಿರ ಅಳುತ್ತಿದ್ದೆ. ಮದುವೆಯಾಗಿ ನೀನು ಆ ಊರಿಗೆ ಹೋಗುವವರೆಗೆ, ನಾಲ್ಕು ವರ್ಷ, ನನ್ನ ಹೆಸರಿನಲ್ಲಿ ಕಂಪನಿ ಪಡೆದ ತೀರ್ಪೆಲ್ಲ ನಿನ್ನದೇ. ನನ್ನ ಕೈಚಳಕ ಎಂದು ಪೇಪರಿನವರು ಬರೆದ ಆ ಮಿಶ್ರಣ ಇದೆಯಲ್ಲ, ಅದೂ ನಿನ್ನದೇ. ನಾನು ಅದರ ವಾಸನೆಯನ್ನೇ ನೋಡಿಲ್ಲ.

ವೈದ್ಯರಿಗೆ ತೋರಿಸಲಿಲ್ಲವೇ ಎಂದು ಕೇಳುತ್ತೀ. ತೋರಿಸಿದೆ, ಮೂರು ಬಡಾವಣೆ ದಾಟಿ ಯಾರೂ ಗುರುತಿಲ್ಲದ ಕಡೆ ಹೋಗಿ. "ಬಂದರೆ ಆರು ತಿಂಗಳಲ್ಲಿ ಬರುತ್ತೆ, ಇಲ್ಲದಿದ್ದರೆ ಇಲ್ಲ" ಎಂದರು. ಬರಲಿಲ್ಲ. ಇವತ್ತಿಗೂ ಬಂದಿಲ್ಲ.

ಕಂಪನಿಗೆ ಹೇಳದಿದ್ದುದು ಹೊಟ್ಟೆಪಾಡು ಎಂದಾದರೂ ಹೇಳಿಕೊಳ್ಳಬಹುದು. ಮನೆಯಲ್ಲಿ ಯಾಕೆ ಹೇಳಲಿಲ್ಲ? ಮೊದಲ ಆರು ತಿಂಗಳು, ಬಂದೇ ಬರುತ್ತದೆ, ಸುಮ್ಮನೆ ಅವಳಿಗೇಕೆ ಗಾಬರಿ ಎಂದುಕೊಂಡೆ. ಆಮೇಲೆ, ಇವತ್ತು ಹೇಳಿದರೆ ನಿನ್ನೆ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾಳೆ ಎಂದುಕೊಂಡೆ. ಕೇಳುವವಳೇ ಅಲ್ಲ ಅವಳು, ಅದು ಬೇರೆ ಮಾತು. ನಿಜ ಹೇಳಬೇಕೆಂದರೆ ನಾಚಿಕೆ. ಇಪ್ಪತ್ತಮೂರು ವರ್ಷ ಅವಳು ಏನೇನು ಬಿಟ್ಟಿದ್ದಳೋ ಎಲ್ಲ ಈ ಮೂಗಿಗಾಗಿ. ಆ ಮೂಗೇ ಇಲ್ಲ ಎಂದರೆ ನಾನು ಅವಳ ಮುಂದೆ ಯಾರು?

ಭಾನುವಾರದ ನಮ್ಮ ಚಹಾ ನಿನಗೆ ನೆನಪಿರುತ್ತದೆ. ನಾಲ್ಕು ಗಂಟೆಗೆ ಅಡುಗೆಮನೆ ನನ್ನದು. ನೀರು ಕುದಿ ಬಂದ ಕೂಡಲೇ ಇಳಿಸುವುದು, ಮಣ್ಣಿನ ಕೆಟಲಿಗೆ ಮೊದಲು ಬಿಸಿನೀರು ಹಾಕಿ ತಿರುಗಿಸಿ ಚೆಲ್ಲುವುದು, ಎಲೆ ಹಾಕಿ ನೀರನ್ನು ಎತ್ತರದಿಂದ ಹೊಯ್ಯದೆ ಅಂಚಿನಲ್ಲಿ ಜಾರಿಸುವುದು, ಟವೆಲು ಸುತ್ತಿ ನಾಲ್ಕು ನಿಮಿಷ ಮಾತಾಡದೆ ಕೂರುವುದು. "ನಿಮ್ಮಪ್ಪನ ಪೂಜೆ ನಡೀತಿದೆ, ಸದ್ದು ಮಾಡಬೇಡ" ಎಂದು ಅಮ್ಮ ನಿನಗೆ ಕಣ್ಣು ಮಿಟುಕಿಸುತ್ತಿದ್ದಳು. ಮೊದಲ ಗುಟುಕು ನನ್ನದು. ಇವತ್ತು ಇದರಲ್ಲಿ ಏನಿದೆ ಎಂದು ನಾನು ಹೇಳಿದ ಮೇಲೆ ನಿಮ್ಮದು. ಜ್ವರ ಬಂದಾಗಿನಿಂದ ಅವಳು ತೀರಿಕೊಳ್ಳುವವರೆಗೆ, ಹನ್ನೊಂದು ವರ್ಷವೂ ನಾನು ಹೇಳಿದೆ. "ಇವತ್ತು ಸೇಬಿನ ಸಿಪ್ಪೆಯ ವಾಸನೆ ಇದೆ." "ಒಣಹುಲ್ಲು, ಕೊನೆಗೆ ಸ್ವಲ್ಪ ಜೇನು." ಎಲ್ಲ ಹಳೆಯ ಟಿಪ್ಪಣಿ ಪುಸ್ತಕದಿಂದ ಬಾಯಿಪಾಠ ಮಾಡಿದ್ದು. ಅವಳು ಕಣ್ಣು ಮುಚ್ಚಿ ಹುಡುಕುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ "ಹೌದು ಕಣ್ರೀ, ನನಗೂ ಬಂತು" ಎನ್ನುತ್ತಿದ್ದಳು.

ಒಂದು ಸಲ ಅವಳು ಹಾಲು ಒಲೆಯ ಮೇಲಿಟ್ಟು ಬಟ್ಟೆ ತೆಗೆಯಲು ಮಾಳಿಗೆಗೆ ಹೋಗಿದ್ದಳು. ನಾನು ಅಡುಗೆಮನೆಗೆ ಬೆನ್ನು ಮಾಡಿ ಪೇಪರು ಓದುತ್ತಿದ್ದೆ. ಅವಳು ಇಳಿದು ಬರುವಷ್ಟರಲ್ಲಿ ಹಾಲು ಸೀದು ಪಾತ್ರೆ ಕರಿಯಾಗಿ ಹೊಗೆ ಎದ್ದಿತ್ತು. "ಅಲ್ರೀ, ಇಲ್ಲೇ ಕೂತಿದ್ರಲ್ಲ, ಗೊತ್ತಾಗಲಿಲ್ವಾ?" ಎಂದಳು. ಅದೊಂದು ಬಾಗಿಲು ತೆರೆದಿತ್ತು, ನಾನು ಒಳಗೆ ಹೋಗಬಹುದಿತ್ತು. ಹೋಗಲಿಲ್ಲ. ಮೂಗಿನ ತುದಿಯಲ್ಲಿ ವಾಸನೆ ಇಲ್ಲದಿದ್ದರೇನು, ಸಿಟ್ಟಂತೂ ಇತ್ತಲ್ಲ. "ನಿನಗೆ ಎಷ್ಟು ಹೊತ್ತಿಗೆ ಜ್ಞಾನ ಬರುತ್ತೆ ನೋಡೋಣ ಅಂತ ಸುಮ್ಮನಿದ್ದೆ" ಎಂದು ಗದರಿದೆ. ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ "ಸರಿ" ಎಂದು ಪಾತ್ರೆ ಉಜ್ಜಲು ಕೂತಳು.

ಆ ನೋಟವನ್ನು ನಾನು ಬಹಳ ದಿನ ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಅವಳಿಗೆ ಅವತ್ತೇ ಗೊತ್ತಾಗಿರಬೇಕು ಎಂದುಕೊಂಡೆ. ಗೊತ್ತಿದ್ದೂ ನನ್ನ ಮರ್ಯಾದೆ ಉಳಿಸಲು ಸುಮ್ಮನಿದ್ದಾಳೆ, ಸೇಬಿನ ಸಿಪ್ಪೆ ಎಂದಾಗ ಹೌದು ಎನ್ನುತ್ತಿದ್ದಾಳೆ, ಇದು ನಮ್ಮಿಬ್ಬರ ಒಂದು ಆಟ ಎಂದುಕೊಂಡೆ. ಅವಳು ಹೋದ ಮೇಲೂ ಅದೇ ಒಂದು ಸಮಾಧಾನ. ಅವಳು ತೀರಿಕೊಂಡ ಮೂರೇ ತಿಂಗಳಿಗೆ ಕೆಲಸ ಬಿಟ್ಟೆ. ಹೆಂಡತಿಯ ದುಃಖಕ್ಕೆ ಎಂದು ಎಲ್ಲರೂ ಮರುಗಿದರು. ದುಃಖ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಮನೆಗೆ ಬಂದು "ಇವತ್ತು ಹಂಗಿತ್ತು ಹಿಂಗಿತ್ತು" ಎಂದು ಯಾರ ಮುಂದೆ ಜಂಬ ಕೊಚ್ಚುತ್ತಿದ್ದೆನೋ ಅವಳೇ ಇಲ್ಲದ ಮೇಲೆ ಆ ನಾಟಕಕ್ಕೆ ಹೋಗಲು ಕಾಲೇ ಬರಲಿಲ್ಲ.

ಈಗ ನಿನ್ನ ವಿಷಯ. ನಿನಗೆ ಮೂಗಿದೆ, ನಿಜವಾದದ್ದು. ಅದಕ್ಕೆ ಬೇಕಾಗಿರುವುದು ಬೆಳಿಗ್ಗೆ ಎರಡು ತಾಸಿನ ಶುದ್ಧಿ. ಕೆಲಸಕ್ಕೆಂದೇ ಒಂದು ಜೊತೆ ಬಟ್ಟೆ ಬೇರೆ ಇಡು, ಕಂಪನಿಗೆ ಹೋಗಿ ಅಲ್ಲೇ ಮುಖ ತೊಳೆದುಕೋ, ಬಿಸಿನೀರು ಒಂದು ಗುಟುಕು ಕುಡಿ. ಅಷ್ಟೇ, ಅಷ್ಟಕ್ಕಿಂತ ಹೆಚ್ಚು ಬೇಕು ಎಂದು ನಿನಗೆ ಕಲಿಸಿದ್ದು ನನ್ನ ಜಂಬ. ಕೂಸಿಗೆ ಹೊಸ ರಬ್ಬರು ಕೊಡಿಸು. ಅವಳು ಕೈ ಮೂಸಿಕೊಂಡು ಬಂದರೆ ಆ ಕೈಯನ್ನು ನೀನೇ ಹಿಡಿದು ಮೂಸಿ, ಅವಳು ಏನು ತಿಂದಿದ್ದಾಳೆ ಎಂದು ಹೇಳು, ನಗುತ್ತಾಳೆ.

ಅಳಿಯಂದಿರ ಅಂಗಡಿಗೆ ನೀನೇ ಹೋಗು. ಅವರನ್ನು ಕರೆಸಿಕೊಳ್ಳಬೇಡ. ಈ ಕಾಗದವನ್ನು ಅವರಿಗೆ ಓದಲು ಕೊಟ್ಟರೂ ನನ್ನ ಅಡ್ಡಿಯಿಲ್ಲ. ನನ್ನ ಮೇಲಿನ ಗೌರವ ಹೋಗುತ್ತದೆ, ಹೋಗಲಿ. ಯಾರ ಮೇಲೆ ಅಷ್ಟು ಗೌರವ ಇಟ್ಟುಕೊಂಡು ನೀನು ಸಂಸಾರವನ್ನು ಒಲೆಗೆ ಹಾಕುತ್ತಿದ್ದೀಯೋ ಆ ಮನುಷ್ಯ ಇಂಥವನು ಎಂದು ಇಬ್ಬರಿಗೂ ಗೊತ್ತಿರಲಿ. ನಿನ್ನ ನಾಲಿಗೆಯ ಕೆಲಸವನ್ನು ನನ್ನದೆಂದು ಹೇಳಿಕೊಂಡದ್ದನ್ನು ಸಾಧ್ಯವಾದರೆ ಹೊಟ್ಟೆಗೆ ಹಾಕಿಕೋ. ಆಗದಿದ್ದರೆ ಬೇಡ, ಫೋನಿನಲ್ಲಿ ಬಯ್ಯಿ, ಕೇಳಿಸಿಕೊಳ್ಳುತ್ತೇನೆ. ಸುಮ್ಮನೆ ಮಾತ್ರ ಇರಬೇಡ.

ನಿನಗೂ ಅಳಿಯಂದಿರಿಗೂ ಒಳ್ಳೆಯದಾಗಲಿ. ಕೂಸು ನಿಮ್ಮಿಬ್ಬರ ಮಧ್ಯೆ ಹೊರಳಾಡಿಕೊಂಡು ಬೆಳೆಯಲಿ.

ಇಂತು,
ನಿನ್ನ ಅಪ್ಪ

ವಿ.ಸೂ. ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿದೆ. ನಾಲ್ಕು ತಿಂಗಳು ಯಾಕಾಯಿತು ಎಂದು ಇನ್ನೂ ಹೇಳಿಲ್ಲ. ನಿನ್ನ ಕಾಗದ ಬಂದ ದಿನ ಅದನ್ನು ಜೇಬಿನಲ್ಲಿಟ್ಟುಕೊಂಡು ಅಂಗಿಯ ಕಾಲರು ತಿರುಗಿಸಲು ಹೊಲಿಗೆ ಅಕ್ಕನ ಮನೆಗೆ ಹೋಗಿದ್ದೆ. ನಿನ್ನ ಅಮ್ಮ ಮನೆ ಹೇಗೆ ಇಟ್ಟುಕೊಂಡಿದ್ದಳು ಎಂದು ಬರೆಯಬೇಕಂತೆ ಎಂದು ಹೆಮ್ಮೆಯಿಂದಲೇ ಹೇಳಿದೆ. ಅಕ್ಕ ಮಿಷನ್ನು ನಿಲ್ಲಿಸಿದರು. "ಬರೀರಿ. ನಿಮ್ಮ ಹೆಂಡತಿ ಮಂಡಿಗೆ ಮುಲಾಮು ಹಚ್ಚಿಕೊಳ್ಳೋಕೆ ನಮ್ಮನೆಗೆ ಬರ್ತಿದ್ರಲ್ಲ, ಅದನ್ನೂ ಬರೀರಿ" ಎಂದರು. ನಿನ್ನ ಅಮ್ಮ ಕೊನೆಯ ಐದಾರು ವರ್ಷ ಮೆಟ್ಟಿಲಿಗೆ ಎರಡೂ ಕಾಲು ಇಟ್ಟು ಇಟ್ಟು ಹತ್ತುತ್ತಿದ್ದುದು ನಿನಗೆ ಗೊತ್ತು. ಮುಲಾಮು ಗುಣ ಕೊಡಲಿಲ್ಲ ಎಂದು ನನಗೆ ಹೇಳಿದ್ದಳು. ವೈದ್ಯರು ದಿನಕ್ಕೆ ಎರಡು ಸಲ ಹಚ್ಚಿ ಹಾಗೇ ಬಿಡಬೇಕು ಎಂದಿದ್ದರಂತೆ. ಅವಳು ಶನಿವಾರ ಮಧ್ಯಾಹ್ನ ಮಾತ್ರ, ಅಕ್ಕನ ಹಿಂದಿನ ಕೋಣೆಯಲ್ಲಿ ಹಚ್ಚಿಕೊಂಡು, ಕಾಲು ನೀಡಿ ಒಂದು ಗಂಟೆ ಕೂತು, ಬಿಸಿನೀರಲ್ಲಿ ಉಜ್ಜಿ ತೊಳೆದು ಮೇಲೆ ಬರುತ್ತಿದ್ದಳಂತೆ. ಒಂದು ರಾತ್ರಿ ಹಾಗೇ ಇರಲಿ ಬಿಡಿ, ನೋವು ಇಳಿಯುತ್ತೆ ಎಂದು ಅಕ್ಕ ಎಷ್ಟೋ ಸಲ ಹೇಳಿದರಂತೆ. "ಬೇಡಮ್ಮ, ನಾನು ಮೆಟ್ಟಿಲ ಮೇಲಿರುವಾಗಲೇ ಅವರಿಗೆ ವಾಸನೆ ಗೊತ್ತಾಗಿಬಿಡುತ್ತೆ" ಎನ್ನುತ್ತಿದ್ದಳಂತೆ. ಅವಳಿಗೆ ಗೊತ್ತಿರಲಿಲ್ಲ ಮಗಳೇ. ಅವಳು ಅದನ್ನು ಮೈತುಂಬ ಬಳಿದುಕೊಂಡು ನನ್ನ ಪಕ್ಕದಲ್ಲೇ ಮಲಗಿದ್ದರೂ ನನಗೆ ತಿಳಿಯುತ್ತಿರಲಿಲ್ಲ.